ತೋಳು ಏರಿಸಲು ಹೇಳಿದ ಮಂಗಳವಾರ

ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯ ಮೇಲಂತಸ್ತಿನ ಹಾಲ್. ಹಾಜರಿದ್ದವರು, ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಹದಿನಾರು ಜನ ನರ್ಸುಗಳು, ಆ ಆಸ್ಪತ್ರೆಯ ಮೇಟ್ರನ್ ಸರೋಜಾ, ತರಬೇತಿ ಕೊಡಲು ಬಂದ ನಾನು. ವಿಷಯ, ತಮ್ಮ ಮೈಗೆ ತಾವೇ ಗಾಯ ಮಾಡಿಕೊಂಡು ಬರುವವರನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು ಎಂಬುದು.

ಒಂಬತ್ತೂಕಾಲಿಗೆ, ಅಂಥ ಗಾಯ ಮಾಡಿಕೊಂಡಿದ್ದ ಒಬ್ಬಳನ್ನು ನಾನೇ ಎಲ್ಲರೆದುರು ಬಯಲಿಗೆ ಎಳೆದಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮೂವತ್ತೆಂಟು ವರ್ಷ ನರ್ಸಾಗಿದ್ದೆ. ನನ್ನ ಬಡ್ತಿ, ನನಗೆ ಹೊದಿಸಿದ ಶಾಲು, ಇವು ನಿಮ್ಮ ಕೆಲಸಕ್ಕೆ ಬರುವುದಿಲ್ಲ. ನಾನು ಮಾಡಿದ ತಪ್ಪು ಬರುತ್ತದೆ. ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳಲ್ಲಿ ದುಡಿದಿದ್ದೇನೆ, ಆದರೆ ಯಾವ ಆಸ್ಪತ್ರೆಯ ಹೆಸರನ್ನೂ ಬರೆಯುವುದಿಲ್ಲ. ಒಂದೇ ಆಸ್ಪತ್ರೆಯ ತಪ್ಪಾಗಿದ್ದರೆ ಬರೆಯುತ್ತಿದ್ದೆ.

ನಾನು ಕಲಿತ ಕಾಲದಲ್ಲಿ ಡ್ಯೂಟಿಗೆ ಮುಂಚೆ ಸಾಲು ನಿಲ್ಲಬೇಕಿತ್ತು. ಕೈ ಮುಂದೆ ಚಾಚಬೇಕು, ಉಗುರು ತೋರಿಸಬೇಕು, ಬಳೆ ತೆಗೆದಿರಬೇಕು, ಬಟ್ಟೆಯ ತೋಳು ಮೊಣಕೈವರೆಗೆ ಏರಿಸಿರಬೇಕು. ಕೈ ತೊಳೆಯುವುದು ಎಂದರೆ ಮೊಣಕೈವರೆಗೆ ತೊಳೆಯುವುದು, ಅದಕ್ಕೆ. ನಮ್ಮ ಮೇಟ್ರನ್ ಒಬ್ಬೊಬ್ಬರ ಮುಂದೆ ನಿಂತು ನೋಡುತ್ತಿದ್ದರು. ನಾನು ಕಲಿಸುವವಳಾದಾಗ ನಾನೂ ಹಾಗೆಯೇ ನೋಡಿದೆ. ನಿವೃತ್ತಳಾದ ಮೇಲೆ, ಒಂದು ದಿನದ ತರಬೇತಿಗೆ ಕರೆದರೂ ಮೊದಲ ಅರ್ಧ ಗಂಟೆ ಅದಕ್ಕೇ ಇಡುತ್ತಿದ್ದೆ. ಅಂದು ಕೂಡ ಇಟ್ಟೆ. ಗಾಯ ಮಾಡಿಕೊಂಡವರ ಬಗ್ಗೆ ಮಾತಾಡುವ ದಿನ ಎಲ್ಲರ ತೋಳು ಏರಿಸುವುದು ಎಂಥ ಕೆಲಸ ಎಂದು ನನಗೆ ಹೊಳೆಯಲಿಲ್ಲ. ರೂಢಿ ಇತ್ತು, ಮಾಡಿದೆ. ರೂಢಿ ಇದ್ದಲ್ಲಿ ತಲೆ ಓಡಿಸುವ ಕೆಲಸ ಇರುವುದಿಲ್ಲ, ಅದೇ ಅದರ ಸುಖ.

ಹನ್ನೊಂದನೆಯವಳು ಭಾಗ್ಯಶ್ರೀ. ಹೆಸರೂ ಊರೂ ಬದಲಿಸಿದ್ದೇನೆ, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅದೇ ಆಸ್ಪತ್ರೆಯ ನರ್ಸು, ಊರು ಹೊರ್ತಿ, ಇಂಡಿಯಲ್ಲಿ ಬಾಡಿಗೆ ಖೋಲಿ. ಬಿಳಿ ಸಮವಸ್ತ್ರದ ಮೇಲೆ ಉದ್ದ ತೋಳಿನ ಸ್ವೆಟರ್ ಹಾಕಿದ್ದಳು. ಹಾಲಿನಲ್ಲಿ ಫ್ಯಾನು ತಿರುಗುತ್ತಿದ್ದರೂ ನಮಗೆಲ್ಲ ಬೆವರು.

"ತೋಳ ಏರ್ಸವ್ವಾ," ಎಂದೆ.

"ಚಳಿ ಐತ್ರಿ ಸಿಸ್ಟರ್."

"ಎಲ್ಲಾರಿಗೂ ಬ್ಯಾಸಿಗಿ, ನಿನಗೊಬ್ಬಾಕಿಗೆ ಚಳಿ ಏನು?"

ಹಿಂದೆ ಯಾರೋ ನಕ್ಕರು. ನಾನು ಆ ನಗುವಿನ ಬಲದ ಮೇಲೆ ಅವಳ ಕೈ ಹಿಡಿದು ಸ್ವೆಟರಿನ ತೋಳನ್ನು ನಾನೇ ಮೇಲೆ ಸರಿಸಿದೆ.

ಹಳೆಯ ಗುರುತುಗಳು, ಮಾಗಿದ್ದವು. ಅಡುಗೆ ಮನೆಯ ಗಾಯ ಯಾವುದು, ಯಾವುದು ಅಲ್ಲ ಎಂದು ನರ್ಸುಗಳಿಗೆ ಹೇಳಿಕೊಡಬೇಕಾಗಿಲ್ಲ. ಸಿಂದಗಿ ಕಡೆಯಿಂದ ಬಂದ ಶಕುಂತಲಾ ಎಂಬ ಹಿರಿಯ ನರ್ಸು, ಬಾಯಿ ಜೋರಿನವಳು, ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಅಯ್ಯ, ನಮ್ಮೊಳಗ ಒಂದು ಕೇಸ್ ಐತಲ್ಲ."

ಭಾಗ್ಯಶ್ರೀ ತೋಳು ಇಳಿಸಿಕೊಂಡಳು. ಅಳಲಿಲ್ಲ. ಮೇಟ್ರನ್ ಸರೋಜಾ ಎದ್ದು ಬಂದು, "ನಡಿ ಹೊರಗ," ಎಂದು ಅವಳನ್ನು ಕರೆದುಕೊಂಡು ಹೋದಳು.

ನಾನು ಹನ್ನೆರಡನೆಯವಳ ಉಗುರು ನೋಡಿದೆ.

ಹೌದು, ನೋಡಿದೆ. ಹದಿನಾರರವರೆಗೂ ನೋಡಿ ಪಾಠ ಶುರು ಮಾಡಿದೆ. ವೇಳಾಪಟ್ಟಿಯಲ್ಲಿ ಒಂಬತ್ತೂವರೆಗೆ ಪಾಠ ಎಂದಿತ್ತು. ತೋಳು ಏರಿಸಿದ್ದು ಮೊದಲ ತಪ್ಪು, ಅದು ತಿಳಿಯದೆ ಆದದ್ದು. ಇದು ಎರಡನೆಯದು, ತಿಳಿದೂ ಮಾಡಿದ್ದು. ಎರಡರಲ್ಲಿ ಯಾವುದು ದೊಡ್ಡದು ಎಂದು ನೀವೇ ಹೇಳಿ.

ಪಾಠದಲ್ಲಿ ಏನು ಹೇಳಿದೆ ಎಂಬುದನ್ನೂ ಬರೆಯುತ್ತೇನೆ, ಏಕೆಂದರೆ ಅದು ಸುಳ್ಳಾಗಿರಲಿಲ್ಲ. ಪರದೆ ಎಳೆಯಿರಿ. ನಿಂತು ಮಾತಾಡಬೇಡಿ, ಸ್ಟೂಲ್ ಎಳೆದು ಕುಳಿತುಕೊಳ್ಳಿ. "ಯಾಕ ಮಾಡ್ಕೊಂಡಿ?" ಎಂದು ಶುರು ಮಾಡಬೇಡಿ, ಅದು ಪೊಲೀಸ್ ಠಾಣೆಯ ಪ್ರಶ್ನೆ. "ಎಷ್ಟು ನೋವೈತಿ?" ಎಂದು ಕೇಳಿ, ಅದು ನರ್ಸಿನ ಪ್ರಶ್ನೆ. ಹೊಲಿಗೆ ಬೇಕಿದ್ದರೆ ಬೇರೆ ಯಾರಿಗೆ ಮಾಡುತ್ತೀರೋ ಹಾಗೆ ಮೊದಲು ಮರಗಟ್ಟಿಸುವ ಸೂಜಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬುದು ನಮ್ಮ ಹೇಡಿತನಕ್ಕೆ ನಾವು ಹಾಕಿದ ಮುಸುಕು. ಇದೆ ಎಂದರೆ ಒಂಟಿಯಾಗಿ ಬಿಡಬೇಡಿ, ಡಾಕ್ಟರನ್ನು ಅಲ್ಲಿಗೇ ಕರೆಸಿ. ಇಲ್ಲ ಎಂದರೆ, ಹಾಗಾದರೆ ಇದೇನೂ ಅಲ್ಲ ಎಂದು ಕೈ ಒರೆಸಿಕೊಳ್ಳಬೇಡಿ. ಬಹಳ ಜನ ಇದನ್ನು ಸಾಯಲು ಮಾಡಿಕೊಳ್ಳುವುದಿಲ್ಲ, ತಡೆಯಲಾರದ ಒಂದು ಗಳಿಗೆಯನ್ನು ದಾಟಲು ಮಾಡಿಕೊಳ್ಳುತ್ತಾರೆ. ಅದಕ್ಕೂ ಆರೈಕೆ ಬೇಕು, ಮನೋವೈದ್ಯರ ಹತ್ತಿರ ಹೋಗುವ ದಾರಿ ತೋರಿಸಬೇಕು.

ಶಕುಂತಲಾ ಕೈ ಎತ್ತಿದಳು. ಅವಳು ನನ್ನನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಾಳೆ. "ಆಪಾ, ನೀವು ಹೇಳೂದು ಖರೇ. ಆದ್ರ ಹೊರಗ ಅರವತ್ತು ಮಂದಿ ನಿಂತಿರ್ತಾರ. ಹೆರಿಗಿಗೆ ಬಂದಾಕಿ ಒದರಾಕತ್ತಿರ್ತಾಳ. ಇಕಿ ತಾನ ಮಾಡ್ಕೊಂಡು ಬಂದಿರ್ತಾಳ, ಅದೂ ಮೂರನೇ ಸಲ. ನಾ ಸ್ಟೂಲ್ ಎಳಕೊಂಡು ಕುಂದರ್ಲೇನ್ರಿ?"

"ಬೀಡಿ ಸೇದಿ ದಮ್ಮು ತಗೊಂಡು ಬರ್ತಾನಲ್ಲ, ಅವನೂ ತಾನ ಮಾಡ್ಕೊಂಡಾನ. ಅವನಿಗೆ ಆಕ್ಸಿಜನ್ ಹಚ್ಚೂದಿಲ್ಲೇನು?"

"ಹಚ್ತೇವ್ರಿ."

"ಬೈಯೂದಿಲ್ಲೇನು?"

"ಬೈತೇವ್ರಿ. ಹಚ್ಚಿ ಬೈತೇವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಹನ್ನೊಂದನೆಯ ಕುರ್ಚಿ ಖಾಲಿ ಇರುವುದು ಕಾಣಿಸಿತು. ಹದಿನೈದು ಜನರಿಗೆ ಕರುಣೆ ಕಲಿಸುತ್ತಿದ್ದೇನೆ, ಆದರೆ ಅವರು ಕಲಿಯುತ್ತಿರುವುದು ಒಂಬತ್ತೂಕಾಲಿಗೆ ಕಂಡದ್ದನ್ನು ಎಂದು ಆಗ ಗೊತ್ತಾಯಿತು. ಹನ್ನೊಂದಕ್ಕೆ ಚಹಾ ಇತ್ತು. ಹತ್ತು ಇಪ್ಪತ್ತಕ್ಕೇ ಬಿಡುವು ಕೊಟ್ಟು ಕೆಳಗಿಳಿದೆ. ವೇಳಾಪಟ್ಟಿ ಮುರಿದದ್ದು ಅದೇ ಮೊದಲು.

ಮೇಟ್ರನ್ ಕೋಣೆಯ ಹೊರಗೆ ಗೋಡೆಗೆ ಡ್ಯೂಟಿ ಪಟ್ಟಿ ಹಚ್ಚಿದ್ದರು. ಭಾಗ್ಯಶ್ರೀಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದಾಗಿತ್ತು. ಆ ವಾರ, ಮುಂದಿನ ವಾರ, ತಿಂಗಳ ಕೊನೆಯವರೆಗೆ.

ಸರೋಜಾ ಒಳಗೆ ಕುಳಿತು ವರದಿ ಬರೆಯುತ್ತಿದ್ದಳು. ಸರೋಜಾ ನನ್ನ ವಿದ್ಯಾರ್ಥಿನಿ. ಇಪ್ಪತ್ತೈದು ವರ್ಷದ ಹಿಂದೆ ನನ್ನ ಕೈ ಕೆಳಗೆ ಕಲಿತವಳು, ಮತ್ತು ಚೆನ್ನಾಗಿ ಕಲಿತವಳು.

"ಗೆರಿ ಯಾಕ ಎಳದಿ?"

"ಮತ್ತೇನ ಮಾಡ್ಲಿರಿ ಸಿಸ್ಟರ್? ತನ್ನ ಕೈ ತಾನ ಹಂಗ ಮಾಡ್ಕೊಂಡಾಕಿ ಕೈಯಾಗ ಔಷಧದ ಕಪಾಟಿನ ಕೀಲಿ ಕೊಡ್ಲೇನು? ದೊಡ್ಡ ಡಾಕ್ಟರಿಗೆ ಹೇಳೇನಿ. ಎರಡಕ್ಕ ಕರದಾರ. ಊರಿಗೆ ಕಳಸೋಣು ಅಂದಾರ."

"ಆಕಿನ್ನ ಏನಾದ್ರೂ ಕೇಳಿದಿ?"

"ಕೇಳೂದೇನೈತ್ರಿ? ಕಂಡತಲ್ಲ."

"ನೀ ಇದನ್ನ ಎಲ್ಲಿ ಕಲ್ತಿ?"

ಸರೋಜಾ ಪೆನ್ನು ಕೆಳಗಿಟ್ಟಳು. "ನಿಮ್ಮ ಕಡೀನ ಕಲ್ತೇನ್ರಿ," ಎಂದಳು. ಕುಹಕವಿಲ್ಲದೆ, ಹಾಜರಿ ಹೇಳುವ ಹಾಗೆ. "ಕೊಲ್ಹಾರದಾಕಿ ನೆನಪೈತೇನ್ರಿ? ನಾ ಟ್ರೇ ಹಿಡದಿದ್ದೆ. ನೀವು ತೋಳು ಹಿಡದಿದ್ರಿ."

ನೆನಪಿತ್ತು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರಿದ್ದ ಕೊಲ್ಹಾರದ ಪುನರ್ವಸತಿಯ ಕಡೆಯಿಂದ ಬಂದಿದ್ದ ಮೀನುಗಾರರ ಮನೆಯ ಹೆಣ್ಣುಮಗಳು. ಎರಡನೆಯ ಸಲ ಬಂದಿದ್ದಳು. ಅಂದಿನ ನಮ್ಮ ಡಾಕ್ಟರು ಮರಗಟ್ಟಿಸುವ ಸೂಜಿಯನ್ನು ಟ್ರೇಯಿಂದ ತೆಗೆದು ಪಕ್ಕಕ್ಕಿಟ್ಟು, "ಮಾಡ್ಕೊಳ್ಳೂಮುಂದ ಬ್ಯಾಡಾಗಿತ್ತು, ಈಗ ಯಾಕ ಬೇಕು?" ಎಂದು ಹಾಗೆಯೇ ಹೊಲಿಗೆ ಹಾಕಿದರು. ನಾನು ತೋಳು ಹಿಡಿದಿದ್ದೆ, ಅಲುಗದ ಹಾಗೆ ಗಟ್ಟಿಯಾಗಿ. ಅವಳು ಕೂಗಿದಾಗ, "ಇನ್ನೊಮ್ಮೆ ಬಂದ್ರ ಪೊಲೀಸರಿಗೆ ಕೊಡ್ತೇವಿ" ಎಂದು ಹೇಳಿದವಳು ನಾನೇ. ಕಲಿಯುವ ಹುಡುಗಿ ಸರೋಜಾ ಎದುರಿಗೆ ನಿಂತು ಎಲ್ಲವನ್ನೂ ನೋಡಿದಳು.

ಆ ಹೆಣ್ಣುಮಗಳು ಮತ್ತೆ ಬರಲಿಲ್ಲ. ಬುದ್ಧಿ ಬಂತು, ಬಿಟ್ಟಳು ಎಂದುಕೊಂಡೆವು. ಡಾಕ್ಟರು ಹೊಸಬರಿಗೆ ಅದನ್ನು ಉದಾಹರಣೆಯಾಗಿ ಹೇಳುತ್ತಿದ್ದರು. ಎಷ್ಟೋ ವರ್ಷದ ಮೇಲೆ ಬಸವನ ಬಾಗೇವಾಡಿಯ ಸಂತೆಯಲ್ಲಿ ಅವಳ ಅಕ್ಕ ನನ್ನನ್ನು ಗುರುತು ಹಿಡಿದಳು. ತಂಗಿ ಗಾಯ ಮಾಡಿಕೊಳ್ಳುವುದನ್ನು ಬಿಟ್ಟಿರಲಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಟ್ಟಿದ್ದಳು. ಮನೆಯಲ್ಲೇ ಅರಿಷಿಣ ಹಚ್ಚಿ ಬಟ್ಟೆ ಕಟ್ಟಿಕೊಂಡು, ಒಮ್ಮೆ ಕೀವಾಗಿ, ಎಡಗೈಯ ಮೂರು ಬೆರಳು ಮಡಚದ ಹಾಗೆ ಆಗಿದ್ದವು. "ನರ್ಸಬಾಯಾರ ಬೈತಾರ ಅಂತ ಬರಲಿಲ್ರಿ," ಎಂದು ಅಕ್ಕ ಹೇಳಿದಳು. ಬೈಯಲಿಲ್ಲ, ನಗುತ್ತಲೇ ಹೇಳಿ ಬದನೆಕಾಯಿ ಆರಿಸತೊಡಗಿದಳು. ಆಮೇಲೆಯೇ ನಾನು ಪುಸ್ತಕ ಹುಡುಕಿದ್ದು, ವಿಜಯಪುರಕ್ಕೆ ಹೋಗಿ ಮನೋವೈದ್ಯರ ಹತ್ತಿರ ಕುಳಿತು ಕಲಿತದ್ದು, ಈ ತರಬೇತಿ ಶುರು ಮಾಡಿದ್ದು. ಜನ ನನ್ನನ್ನು ಕರುಣೆಯ ಮೂರ್ತಿ ಎಂದು ಪರಿಚಯ ಮಾಡಿಸುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ನನ್ನ ಕಾಲದಲ್ಲಿ ಗಾಜಿನ ಸಿರಿಂಜ್ ಕುದಿಸುತ್ತಿದ್ದೆವು. ಅದು ಹೋಯಿತು. ಗ್ಲೌಸ್ ತೊಳೆದು ಒಣಹಾಕಿ ಪೌಡರ್ ಹಾಕಿ ಮತ್ತೆ ತೊಡುತ್ತಿದ್ದೆವು. ಅದೂ ಹೋಯಿತು. ಕಾಯ್ದೆ ಕೂಡ ಬದಲಾಯಿತು, ಪ್ರಾಣ ಕಳೆದುಕೊಳ್ಳಲು ಹೊರಟವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾಣಬೇಕು, ಆರೈಕೆ ಕೊಡಬೇಕು ಎಂದು ಬಂತು. ನಮ್ಮ ನಾಲಿಗೆ ಮಾತ್ರ ಅದೇ. "ಮತ್ತ ಬಂದಾಳ", "ನಾಟಕ", "ಕೇಸ್". ಇದನ್ನು ಯಾವ ಕಾಲೇಜಿನ ಪುಸ್ತಕದಲ್ಲೂ ಬರೆದಿಲ್ಲ. ಹಿರಿಯರು ಕಿರಿಯರಿಗೆ ಟ್ರೇ ಹಿಡಿಸಿ ಕಲಿಸುತ್ತಾರೆ.

"ಸರೋಜಾ," ಎಂದೆ, "ಅವತ್ತ ನಾ ಮಾಡಿದ್ದು ತಪ್ಪು. ಆಕಿ ಬೆರಳು ಹೋದ್ವು." ಸಂತೆಯಲ್ಲಿ ಕೇಳಿದ್ದನ್ನು ಅವಳಿಗೆ ಹೇಳಿದೆ. ಮೊದಲೇ ಹೇಳಬೇಕಿತ್ತು. ಅವಳು ಕೈ ತೋರಿಸಿದಳು. ಭಾಗ್ಯಶ್ರೀ ಬಟ್ಟೆ ಕೋಣೆಯಲ್ಲಿದ್ದಾಳೆ ಎಂದು.

ಭಾಗ್ಯಶ್ರೀ ಅಲ್ಲಿ ಚಾದರ ಮಡಚುತ್ತಿದ್ದಳು. ಯಾರೂ ಹೇಳಿರಲಿಲ್ಲ, ಕೈಗೆ ಕೆಲಸ ಬೇಕಿತ್ತು. ನಾನು ಬಾಗಿಲಲ್ಲೇ ನಿಂತು, ಒಳಗೆ ಬರಲೇ ಎಂದು ಕೇಳಿದೆ.

"ನಾ ಬ್ಯಾಡಂದ್ರ ಬರೂದಿಲ್ಲೇನ್ರಿ?"

"ಬರೂದಿಲ್ಲ."

"ಬರ್ರಿ," ಎಂದಳು. ಒಂದು ಚಾದರದ ಎರಡು ಮೂಲೆ ನನ್ನ ಕಡೆ ಎಸೆದಳು. ಹಿಡಿದೆ. ಇಬ್ಬರೂ ಮಡಚಿದೆವು.

"ತಪ್ಪಾತು ತಂಗಿ. ನಾ ನಿನ್ನ ತೋಳು ಮುಟ್ಟಬಾರದಿತ್ತು. ಚಳಿ ಅಂದಾಗ ಬಿಡಬೇಕಿತ್ತು."

"ನೀವು ಕಲಸಾಕ ಬಂದಿದ್ರೋ, ಪೊಲೀಸರ ಹಂಗ ಝಡತಿ ಮಾಡಾಕ ಬಂದಿದ್ರೋ?"

ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದೆ. ಆ ಪ್ರಶ್ನೆ ನನ್ನ ಅಧಿಕಾರವಲ್ಲ, ನನ್ನ ಕೆಲಸ.

"ಇಲ್ರಿ. ಇದ್ರ ವಿಜಯಪುರದ ಡಾಕ್ಟರಿಗೆ ಹೇಳ್ತೇನಿ. ನಿಮಗಲ್ಲ."

"ಹೋಗ್ತಿಯೇನು ಅಲ್ಲಿಗೆ?"

"ಎರಡು ವಾರಕ್ಕೊಮ್ಮೆ, ಗುರುವಾರ. ಒಂದು ವರ್ಷ ಆತು. ಡ್ಯೂಟಿ ಅದಲು ಬದಲು ಮಾಡ್ಕೊಂಡು ಹೋಗ್ತೇನ್ರಿ. ಯಾಕ ಅದಲು ಬದಲು ಅಂತ ಮೇಟ್ರನ್ ಬೈತಾರ. ಹಲ್ಲಿನ ಡಾಕ್ಟರ್ ಅಂತ ಹೇಳೇನಿ." ಚಾದರವನ್ನು ಕಪಾಟಿಗೆ ಇಟ್ಟಳು. "ಎಂಟು ತಿಂಗಳಾತ್ರಿ, ಏನೂ ಮಾಡ್ಕೊಂಡಿಲ್ಲ. ಡ್ಯೂಟಿ ಇದ್ದ ದಿನಾ ಅದರ ಹಂಬಲಾನ ಬರೂದಿಲ್ಲ. ಖಾಲಿ ಕುಂತಾಗ ಬರ್ತೈತಿ. ಈಗ ಇವರು ಊರಿಗೆ ಕಳಸ್ತಾರಂತ. ಅಲ್ಲಿ ಖಾಲಿನ ಕುಂದರಬೇಕು."

ಅವಳನ್ನು ಸುರಕ್ಷಿತವಾಗಿಡುತ್ತೇವೆ ಎಂದು ಎಳೆದ ಕೆಂಪು ಗೆರೆ, ಅವಳನ್ನು ಹಿಡಿದು ನಿಲ್ಲಿಸಿದ್ದ ಒಂದೇ ಹಗ್ಗವನ್ನು ಕತ್ತರಿಸುತ್ತಿತ್ತು. ಅವಳು ಗಾಯ ಯಾಕೆ ಮಾಡಿಕೊಂಡಳು ಎಂದು ನಿಮಗೆ ಕುತೂಹಲ ಇರಬಹುದು. ನನಗೆ ಗೊತ್ತಿಲ್ಲ. ಕೇಳಲಿಲ್ಲ.

"ಡಾಕ್ಟರ್ ಮುಂದ ನಾ ಮಾತಾಡ್ಲೇನು?" ಎಂದೆ.

"ಡ್ಯೂಟಿ ಸಲುವಾಗಿ ಮಾತಾಡ್ರಿ. ಗುರುವಾರದ್ದೂ ಹೇಳ್ರಿ. ಉಳದದ್ದು ಬ್ಯಾಡ."

ಎರಡಕ್ಕೆ ದೊಡ್ಡ ಡಾಕ್ಟರ ಕೋಣೆ. ಅವರು, ಸರೋಜಾ, ನಾನು. ಭಾಗ್ಯಶ್ರೀಯನ್ನು ಹೊರಗೆ ಕೂರಿಸಿ ಅವಳ ಬಗ್ಗೆ ನಿರ್ಧಾರ ಮಾಡಲು ಹೊರಟಿದ್ದರು. ಅವಳನ್ನು ಒಳಗೆ ಕರೆಯದೆ ನಾನು ಬಾಯಿ ಬಿಡುವುದಿಲ್ಲ ಎಂದೆ. ಕರೆದರು. ಕುರ್ಚಿ ಕೊಡಲಿಲ್ಲ, ಹಾಗಾಗಿ ನಾನೂ ಎದ್ದು ನಿಂತೆ.

ಡಾಕ್ಟರು ಒಳ್ಳೆಯ ಮಾತಿನವರು. "ಸಿಸ್ಟರ್, ನಮಗೂ ಕರುಣಾ ಐತ್ರಿ. ಆದ್ರ ನಾಳೆ ಪೇಷಂಟಿಗೆ ಏನಾದ್ರೂ ಆದ್ರ? ಆರು ತಿಂಗಳು ಮನ್ಯಾಗ ಆರಾಮ ಮಾಡ್ಲಿ. ಆಮ್ಯಾಲ ನೋಡೂಣು."

"ಆಕಿ ಗಾಯ ಮಾಡ್ಕೊಂಡಿದ್ದು ತನಗ್ರಿ, ಪೇಷಂಟಿಗಲ್ಲ. ಪೇಷಂಟಿಗೆ ಏನಾದ್ರೂ ಮಾಡ್ಯಾಳೇನು, ಕೆಲಸದಾಗ ಏನಾದ್ರೂ ತಪ್ಪಾಗೇತೇನು, ಮೇಟ್ರನ್‌ಗೆ ಕೇಳ್ರಿ."

ಡಾಕ್ಟರು ಸರೋಜಾಳ ಕಡೆ ತಿರುಗಿದರು. ಅವಳು ಯಾವ ಕಡೆ ಬೀಳುತ್ತಾಳೋ ನನಗೆ ಗೊತ್ತಿರಲಿಲ್ಲ. ಆದರೆ ಅವಳಿಗೆ ನಾನು ಇನ್ನೊಂದು ಪಾಠವನ್ನೂ ಕಲಿಸಿದ್ದೆ. ಬರೆದಿಟ್ಟದ್ದನ್ನು ಬಿಟ್ಟು ಬೇರೆ ಹೇಳಬಾರದು ಎಂದು.

ಸರೋಜಾ ಹೊರಗೆ ಹೋಗಿ ವಾರ್ಡಿನ ಔಷಧ ಪುಸ್ತಕ ತಂದಳು. ಒಂದೊಂದೇ ಹಾಳೆ ತಿರುವಿದಳು.

"ತಪ್ಪಿಲ್ರಿ ಸರ್," ಎಂದಳು ಕೊನೆಗೆ. "ಎಲ್ಲಾರವೂ ಅದಾವು. ನಂದೂ ಒಂದು ಐತಿ, ಹೊತ್ತು ತಪ್ಪಿ ಕೊಟ್ಟದ್ದು. ಇಕೀದು ಒಂದೂ ಇಲ್ಲ."

ಅವಳು ಗುರುವಾರ ಮನೋವೈದ್ಯರ ಹತ್ತಿರ ಹೋಗುವುದನ್ನು ನಾನು ಹೇಳಿದೆ. "ಹಂಗಾದ್ರ," ಎಂದರು ಡಾಕ್ಟರು, "ಮನೋವೈದ್ಯರ ಕಡಿಂದ ಪ್ರತಿ ಸಲ ಚೀಟಿ ತಂದು ನನಗ ಕೊಡ್ಲಿ. ಏನ ಮಾತಾಡಿದ್ಲು, ಏನ ಔಷಧ ಕೊಟ್ರು."

ನನಗೆ ರೇಗಿತು. "ನೀವು ನಿಮ್ಮ ಬಿಪಿ ಚೀಟಿ ಗೋಡೆಗೆ ಹಚ್ಚೀರೇನ್ರಿ? ಗುರುವಾರ ಆಕಿ ತೋರಿಸ್ಕೊಳ್ಳಾಕ ಹೋಗ್ತಾಳ, ನೀವು ಹೇಳೂಕಿಂತ ಒಂದು ವರ್ಷ ಮೊದಲಿಂದ. ನೀವು ಕೊಡಬೇಕಾಗಿದ್ದು ರಜಾ. ಆಕಿ ಅಲ್ಲಿ ಏನ ಮಾತಾಡ್ತಾಳ ಅನ್ನೂದು ಆಕೀದು."

ಭಾಗ್ಯಶ್ರೀ ಆಗ ಮೊದಲ ಬಾರಿ ಬಾಯಿ ತೆರೆದಳು. "ಸರ್, ನನಗ ದಯಾ ಬ್ಯಾಡ್ರಿ. ನಾಳೆ ಎಂಟಕ್ಕ ಡ್ಯೂಟಿ ಐತಿ. ಬರ್ಲೋ ಬ್ಯಾಡೋ, ಅಷ್ಟ ಹೇಳ್ರಿ."

ಡಾಕ್ಟರು ಗಡಿಯಾರ ನೋಡಿಕೊಂಡರು. ಹೊರಗೆ ರೋಗಿಗಳು ಕಾಯುತ್ತಿದ್ದರು. "ಮೇಟ್ರನ್ ಜವಾಬ್ದಾರಿ ತಗೊಂಡ್ರ ಬರ್ಲಿ," ಎಂದರು. ಜವಾಬ್ದಾರಿಯನ್ನು ಕೆಳಗಿನವರ ಮೇಲೆ ಹಾಕುವುದು ಮೇಲಿನವರಿಗೆ ಬಹಳ ಸಲೀಸು. ಇಂಥವರ ಕೈಕೆಳಗೇ ನೀವೂ ಕೆಲಸ ಮಾಡುತ್ತೀರಿ, ಈಗಲೇ ತಿಳಿದಿರಲಿ. ಸರೋಜಾ, "ತಗೋತೇನ್ರಿ," ಎಂದಳು.

ಮೇಲೆ ಹಾಲಿಗೆ ಹೋಗುವ ಮುಂಚೆ ಭಾಗ್ಯಶ್ರೀಯನ್ನು ಕೇಳಿದೆ. ಬೆಳಿಗ್ಗೆ ಆದದ್ದು ಹದಿನೈದು ಜನರ ಎದುರು ಆದದ್ದು, ಅದನ್ನು ಅವರ ಎದುರೇ ಸರಿಪಡಿಸಬೇಕು, ಏನು ಹೇಳಲಿ ಎಂದು.

"ನನ್ನ ಹೆಸರು ತಗೀಬ್ಯಾಡ್ರಿ. ನಿಮ್ಮ ಹೆಸರು ತಗೊಂಡು ಹೇಳ್ರಿ," ಎಂದು ಅವಳು ವಾರ್ಡಿಗೆ ಹೊರಟುಹೋದಳು. ನಾಲ್ಕು ಗಂಟೆಯ ಔಷಧ ಸಿದ್ಧ ಮಾಡಬೇಕಿತ್ತು.

ಹಾಗೆಯೇ ಹೇಳಿದೆ. ಹಮೀದಾ ಎಂಬ ನರ್ಸು, ಮೂವತ್ತೆಂಟು ವರ್ಷದ ಅನುಭವದವಳು, ಕೊಲ್ಹಾರದ ಒಬ್ಬಳ ತೋಳನ್ನು ಹೇಗೆ ಹಿಡಿದಳು, ಇವತ್ತು ಇನ್ನೊಬ್ಬಳ ತೋಳನ್ನು ಹೇಗೆ ಹಿಡಿದಳು. ಅಂದಿನ ಪಾಠದಲ್ಲಿ ಉಳಿದದ್ದನ್ನೆಲ್ಲ ಬಿಟ್ಟು ಇದನ್ನೇ ಹೇಳಿದೆ. ಯಾರೂ ನಗಲಿಲ್ಲ. ಶಕುಂತಲಾ ತಲೆ ಬಗ್ಗಿಸಿ ಕುಳಿತಿದ್ದಳು. ಕೊನೆಗೆ, "ಆಪಾ, ಆ ಹುಡುಗಿ ಕಡೆ ನಾ ಹೋಗಿ ತಪ್ಪಾತು ಅನ್ಲೇನ್ರಿ?" ಎಂದು ಕೇಳಿದಳು.

"ನಿನ್ನ ಮನಸ್ಸು ಹಗುರ ಮಾಡ್ಕೊಳ್ಳಾಕ ಹೋಗಬ್ಯಾಡ. ಆಕಿ ಕೆಲಸದಾಗ ಅದಾಳ. ನಿಮ್ಮೂರಿಗೆ ಹೋಗಿ, ಮುಂದ ಬರಾಕಿಗೆ ಸ್ಟೂಲ್ ಎಳಕೊಂಡು ಕುಂದರು."

"ಅರವತ್ತು ಮಂದಿ ನಿಂತ್ರೂ?"

"ನಿಂತ್ರೂ. ಐದು ನಿಮಿಷ."

"ಐದು ಅಂದ್ರ ಆಗ್ತೈತ್ರಿ," ಎಂದಳು, ಕಟ್ಟುನಿಟ್ಟಾಗಿ ಲೆಕ್ಕ ಹಾಕಿದವಳ ಹಾಗೆ.

ಐದಕ್ಕೆ ಎಲ್ಲರೂ ಬಸ್ಸಿಗೆ ಹೋದರು. ನಾನು ಕೆಳಗೆ ಮೇಟ್ರನ್ ಕೋಣೆಗೆ ಹೋದೆ. ಸರೋಜಾ ಬೆಳಿಗ್ಗೆ ಬರೆದ ವರದಿಯನ್ನು ಹರಿದು ಬುಟ್ಟಿಗೆ ಹಾಕಿ, ಹೊಸ ಹಾಳೆಗೆ ಗೆರೆ ಹಾಕುತ್ತಿದ್ದಳು. ಭಾಗ್ಯಶ್ರೀಯ ಹೆಸರನ್ನು ಬುಧವಾರ ಬೆಳಿಗ್ಗೆಯ ಪಾಳಿಗೆ ಬರೆದಳು. ಗುರುವಾರ, ರಜೆ. ಶುಕ್ರವಾರ, ಮಧ್ಯಾಹ್ನದ ಪಾಳಿ. ತಿಂಗಳ ಕೊನೆಯವರೆಗೂ ಬರೆದು, ಸಹಿ ಮಾಡಿ, ಹಳೆಯ ಹಾಳೆ ಕಿತ್ತು ಹೊಸದನ್ನು ಗೋಡೆಗೆ ಹಚ್ಚಿದಳು.

ವಾರ್ಡಿನ ಕೆಲಸ ಮುಗಿಸಿ ಬಂದ ಭಾಗ್ಯಶ್ರೀ ಅದರ ಮುಂದೆ ನಿಂತು, ಬೆರಳಿಟ್ಟು ಓದಿದಳು. ನನ್ನ ಕಡೆ ನೋಡಲಿಲ್ಲ, ನೋಡಬೇಕು ಎಂಬ ನಿರೀಕ್ಷೆ ನನಗೂ ಇರಲಿಲ್ಲ.

"ಮೇಟ್ರನ್," ಎಂದಳು, "ಗುರುವಾರದ ರಜಾ ಈ ತಿಂಗಳದ್ದ ಅಷ್ಟ ಬರದೀರಲ್ರಿ. ಮುಂದಿನ ತಿಂಗಳು ಮತ್ತ ನಾ ಕೇಳಬೇಕೇನ್ರಿ?"

ಸರೋಜಾ ಬ್ಯಾಗನ್ನು ಹೆಗಲಿನಿಂದ ಇಳಿಸಿ, ಮತ್ತೆ ಒಳಗೆ ಹೋಗಿ ಕುಳಿತಳು. ನಾನು ಕ್ಯಾಲೆಂಡರ್ ಹಿಡಿದು ಒಂದು ಬಿಟ್ಟು ಒಂದು ಗುರುವಾರ ಓದಿದೆ, ಅವಳು ಬರೆದಳು. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ವರ್ಷದ ಕೊನೆಯವರೆಗೆ. ಆರು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು.